ಕಣ್ಣಿನ ಹುಣ್ಣಿಗೆ ಬೆಳಕಿನ ಚಿಕಿತ್ಸೆ: ಕಾರ್ನಿಯಾದ ಜೀವಕೋಶಗಳ ಮಾತೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಕಣ್ಣಿಗೆ ಗುಲಾಬಿ ಬಣ್ಣದ ಹನಿ ಬಿಟ್ಟು, ಅದರ ಮೇಲೆ ಹಸಿರು ಬೆಳಕು ಹಾಯಿಸಿ, ಕರಿಗುಡ್ಡೆಯ ಹುಣ್ಣು ವಾಸಿ ಮಾಡುವ ವಿಡಿಯೊ ಒಂದು ಈಗ ನಮ್ಮ ಕಡೆಯ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅದರ ಬೆನ್ನಿಗೇ ನಿಮ್ಮ ಪತ್ರಿಕೆಯಲ್ಲೂ ನಾಲ್ಕು ಸಾಲಿನ ಸುದ್ದಿ ಬಂತು. ಸುದ್ದಿ ಸುಳ್ಳಲ್ಲ. ಅಂಥ ಚಿಕಿತ್ಸೆ ಇದೆ. ಆದರೆ ಅರ್ಧ ವಿಷಯ ಮಾತ್ರ ಬಂತು. ಬೆಳಕು ಕ್ರಿಮಿಯನ್ನು ಕೊಲ್ಲುತ್ತದೆ ಎಂದು ಬರೆದಿರಿ. ಅದೇ ಬೆಳಕು ನಮ್ಮ ಕಣ್ಣಿನ ಸ್ವಂತ ಜೀವಕೋಶಗಳಿಗೆ ಏನು ಮಾಡುತ್ತದೆ ಎಂಬುದು ಬರಲಿಲ್ಲ. ಆ ಇನ್ನರ್ಧ ತಿಳಿಯದೆ ನಮ್ಮ ಜಿಲ್ಲೆಯ ಜನ ಹನಿ ಔಷಧಿಯನ್ನೇ ನಿಲ್ಲಿಸುತ್ತಿದ್ದಾರೆ. ಅದಕ್ಕೇ ಈ ಪತ್ರ.

ನಾನು ವೈದ್ಯೆ ಅಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತಿಯಾದವಳು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ತಾಲ್ಲೂಕುಗಳಲ್ಲಿ ಕ್ಯಾಂಪ್ ಮಾಡಿದ್ದೇನೆ. ಕನ್ನಡಕದ ನಂಬರ್ ನೋಡುವುದು, ಪೊರೆ ಬಂದವರನ್ನು ಆಪರೇಷನ್‌ಗೆ ಕಳಿಸುವುದು ನಮ್ಮ ದಿನದ ಕೆಲಸ. ಆದರೆ ನನ್ನ ಮನಸ್ಸಿನಲ್ಲಿ ಉಳಿದವರು ಪೊರೆಯವರಲ್ಲ. ಪೊರೆ ತೆಗೆದರೆ ನೋಟ ಬರುತ್ತದೆ. ಕರಿಗುಡ್ಡೆ ಮೇಲೆ ಹುಣ್ಣಾಗಿ, ಅದು ಮಾಯ್ದ ಮೇಲೆ ಕಣ್ಣಿಗೆ ಹೂವು ಬಿದ್ದವರು, ಅವರದ್ದು ಬೇರೆ ಕಥೆ. ಅವರಲ್ಲಿ ಬಹಳ ಜನ ದುಡಿಯುವ ವಯಸ್ಸಿನವರು.

ನಮ್ಮಲ್ಲಿ ಈ ಹುಣ್ಣು ಯಾಕೆ ಜಾಸ್ತಿ ಅನ್ನುವುದು ಹೊಲಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ಅಕ್ಟೋಬರ್, ನವೆಂಬರ್ ಹೊತ್ತಿಗೆ ಒಣಗಿ ನಿಂತಿರುತ್ತದೆ. ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆ ಆಳೆತ್ತರದ ಆ ದಂಟುಗಳ ನಡುವೆ ನುಗ್ಗಿ ತೆನೆ ಮುರಿಯಬೇಕು. ಒಣಗರಿಯ ಅಂಚು ಕಣ್ಣಿಗೆ ಗೀರಿದರೆ ಬ್ಲೇಡಿನಲ್ಲಿ ಗೀರಿದ ಹಾಗೇ. ಭದ್ರಾ ಕಾಲುವೆ ಕೆಳಗೆ ಭತ್ತದ ಕೊಯ್ಲಿನಲ್ಲೂ ಇದೇ. ಒಕ್ಕುವ ಮಷಿನ್ ಮುಂದೆ ನಿಂತವರ ಕಣ್ಣಿಗೆ ಹೊಟ್ಟು ಸಿಡಿಯುತ್ತದೆ. ಗರಿಯ ಮೇಲೆ, ಮಣ್ಣಿನಲ್ಲಿ, ಹೊಟ್ಟಿನಲ್ಲಿ ಫಂಗಸ್ ಇದ್ದೇ ಇರುತ್ತದೆ. ಫ್ಯುಸೇರಿಯಂ, ಆಸ್ಪರ್ಜಿಲಸ್ ಅನ್ನುವವೇ ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ಎರಡು. ಸಣ್ಣ ಗೀರಿನ ಮೂಲಕ ಅದು ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮೇಲಿರುವ ಗಾಜಿನಂಥ ತಿಳಿಯಾದ ಹೊದಿಕೆಯ, ಒಳಗೆ ಇಳಿಯುತ್ತದೆ. ಇಡೀ ಜಗತ್ತಿನಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ ಜನಕ್ಕೆ ಹೀಗೆ ಫಂಗಸ್‌ನಿಂದ ಕಣ್ಣಿನ ಹುಣ್ಣಾಗುತ್ತದೆ ಎಂಬ ಅಂದಾಜು 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಬಿಸಿಲು, ಬೇಸಾಯ ಎರಡೂ ಇರುವ ನಮ್ಮಂಥ ಊರುಗಳ ಕಾಯಿಲೆ ಇದು.

ಗೀರಿದ ದಿನ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ನಂದಿಬಟ್ಟಲು ಹೂವಿನ ರಸ ಹಿಂಡುತ್ತಾರೆ. ಎದೆಹಾಲು ಹಾಕುತ್ತಾರೆ. ನಾಲಿಗೆಯಿಂದ ಕಸ ತೆಗೆಯುವವರ ಹತ್ತಿರ ಹೋಗುತ್ತಾರೆ. ಆಮೇಲೆ ಮೆಡಿಕಲ್ ಶಾಪ್‌ನಲ್ಲಿ "ಕೆಂಪು ಕಣ್ಣಿಗೆ ಒಂದು ಹನಿ ಕೊಡಿ" ಅಂತ ಕೇಳುತ್ತಾರೆ. ಆ ಹನಿಯಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಕೆಂಪು ಇಳಿದು ಆರಾಮ ಅನಿಸುತ್ತದೆ. ಒಳಗೆ ಫಂಗಸ್ ಅಷ್ಟೇ ಆರಾಮವಾಗಿ ಬೆಳೆಯುತ್ತದೆ.

ನನ್ನ ತವರಿನ ಕಡೆಯ ಒಬ್ಬ ಅಣ್ಣನಿಗೆ ಹೋದ ಸುಗ್ಗಿಯಲ್ಲಿ ಹೀಗೇ ಆಯಿತು. ತಡವಾದರೂ ಸರಿಯಾದ ಜಾಗಕ್ಕೆ ಹೋದ. ಹುಣ್ಣನ್ನು ಕೆರೆದು, ಗಾಜಿನ ಸ್ಲೈಡಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೊಸ್ಕೋಪ್‌ನಲ್ಲಿ ನೋಡಿದಾಗ ಫಂಗಸ್‌ನ ಎಳೆಗಳು ಕಂಡವು. ಫಂಗಸ್ ಕೊಲ್ಲುವ ನಾಟಮೈಸಿನ್ ಹನಿಯನ್ನು ಗಂಟೆಗೊಂದು ಸಲ ಹಾಕಲು ಹೇಳಿದರು. ಹಾಕುತ್ತಿದ್ದ, ಹುಣ್ಣಿನ ಅಂಚು ಒಣಗುತ್ತಲೂ ಇತ್ತು. ಅಷ್ಟರಲ್ಲಿ ಈ ವಿಡಿಯೊ ಬಂತು. ನನಗೆ ಫೋನ್ ಮಾಡಿ, "ತಂಗಿ, ಹದಿನೈದೇ ನಿಮಿಷ ಅಂತೆ, ಲೈಟ್ ಬಿಟ್ಟರೆ ಮುಗೀತಂತೆ. ಈ ಹನಿ ರಾತ್ರಿಯೆಲ್ಲ ಯಾರು ಹಾಕ್ಕೊಂಡು ಕೂರ್ತಾರೆ" ಅಂದ. ಹನಿ ನಿಲ್ಲಿಸಬೇಡ ಅಂತ ಎಷ್ಟು ಹೇಳಿದರೂ ನಿಲ್ಲಿಸಿದ. ಲೈಟ್ ಎಲ್ಲಿ ಬಿಡುತ್ತಾರೆ ಅಂತ ಊರೂರು ವಿಚಾರಿಸುತ್ತಾ ವಾರ ಕಳೆದ. ಕೊನೆಗೆ ಕಾರ್ನಿಯಾ ತೂತಾಗಿ, ಕಣ್ಣನ್ನು ಉಳಿಸಲು ಬೇರೆಯವರ ಕಾರ್ನಿಯಾ ಹಾಕಬೇಕಾಯಿತು. ಈಗ ಆ ಕಣ್ಣಿನಲ್ಲಿ ಬೆರಳು ಎಣಿಸುವಷ್ಟು ಕಾಣುತ್ತದೆ. ಅವನಿಗೆ ಆ ವಿಡಿಯೊ ಕಳಿಸಿದವರು ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದು.

ಹಾಗಾಗಿ ಈ ಬೆಳಕಿನ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ ಅಂತ ನಿಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಹೊಸದೂ ಅಲ್ಲ. 1900ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಅಕ್ರಿಡೀನ್ ಅನ್ನುವ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಬಿಟ್ಟು ನೋಡುತ್ತಿದ್ದ. ಬೆಳಕು ಬಿದ್ದಾಗ ಅವು ಬೇಗ ಸತ್ತವು. ಕತ್ತಲಲ್ಲಿ ಇಟ್ಟವು ಬದುಕಿದವು. ಬಣ್ಣ ಒಂದೇ, ನೀರು ಒಂದೇ, ವ್ಯತ್ಯಾಸ ಬೆಳಕಿನದು. ಅಲ್ಲಿಂದ ಶುರುವಾದ ವಿಚಾರ ಇದು.

ಬಣ್ಣದ ಅಣು ಬೆಳಕನ್ನು ಹೀರುತ್ತದೆ. ಹೀರಿದ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಆ ಆಮ್ಲಜನಕ ಸಿಕ್ಕಿದ್ದನ್ನೆಲ್ಲ ಸುಡುವ ರೂಪಕ್ಕೆ ತಿರುಗುತ್ತದೆ. ಸಿಂಗ್ಲೆಟ್ ಆಕ್ಸಿಜನ್ ಅಂತಾರೆ. ಅದರ ಆಯುಸ್ಸು ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಒಂದು ಜೀವಕೋಶದಷ್ಟು ದೂರ ಕೂಡ ಅದು ಓಡಲಾರದು. ಆದರೆ ಇರುವಷ್ಟು ಹೊತ್ತಿನಲ್ಲಿ ಪಕ್ಕದ ಜೀವಕೋಶದ ಹೊರಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಕೆಡಿಸುತ್ತದೆ. ಫಂಗಸ್ಸಾಗಲಿ ಬ್ಯಾಕ್ಟೀರಿಯಾ ಆಗಲಿ ಇದಕ್ಕೆ ಒಗ್ಗಿಕೊಳ್ಳುವುದು ಕಷ್ಟ. ಔಷಧಿಗೆ ಜಗ್ಗದ ಕ್ರಿಮಿಗಳು ಜಾಸ್ತಿ ಆಗುತ್ತಿರುವ ಈ ಕಾಲದಲ್ಲಿ ವೈದ್ಯರಿಗೆ ಇದರ ಮೇಲೆ ಆಸೆ ಹುಟ್ಟಿರುವುದು ಸಹಜ. ನನಗೂ ಆಸೆ ಇದೆ.

ಆದರೆ ನಮ್ಮ ರೈತರಿಗೆ ಒಂದು ಮಾತು ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಮೆಕ್ಕೆಜೋಳಕ್ಕೆ ಅಟ್ರಾಜಿನ್ ಹೊಡೆದರೆ ಕಳೆ ಸಾಯುತ್ತದೆ, ಜೋಳ ಉಳಿಯುತ್ತದೆ. ಆ ವಿಷವನ್ನು ಕರಗಿಸಿಕೊಳ್ಳುವ ಶಕ್ತಿ ಜೋಳದ ಗಿಡದಲ್ಲೇ ಇದೆ. ಅದನ್ನೇ ಆ ಶಕ್ತಿ ಇಲ್ಲದ ಬೇರೆ ಪೈರಿಗೆ ಹೊಡೆದರೆ ಪೈರೂ ಹೋಗುತ್ತದೆ. ಬೆಳಕಿನ ಚಿಕಿತ್ಸೆಗೆ ಕಳೆ ಯಾವುದು, ಪೈರು ಯಾವುದು ಅಂತ ತಾನಾಗಿ ಗೊತ್ತಾಗುವುದಿಲ್ಲ. ಬಣ್ಣ ಎಲ್ಲಿ ಹೋಗಿ ಕೂತಿದೆಯೋ, ಬೆಳಕು ಎಲ್ಲಿ ತಲುಪಿದೆಯೋ, ಅಲ್ಲಿರುವುದು ಸಾಯುತ್ತದೆ. ಫಂಗಸ್ ಇದ್ದರೆ ಫಂಗಸ್, ನಮ್ಮ ಜೀವಕೋಶ ಇದ್ದರೆ ಜೀವಕೋಶ.

ನಮ್ಮ ಜೀವಕೋಶ ಅಂದರೆ ಯಾವುದು? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂದದ್ದು ಎಲ್ಲರಿಗೂ ನೆನಪಿದೆ. ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ ಅಂತ ಆಗ ಕ್ಯಾಂಪಿನಲ್ಲಿ ನನ್ನನ್ನು ಕೇಳದವರಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಮುಂಭಾಗ ಕೆಟ್ಟವರಿಗೆ ಮುಂದಿನದನ್ನು, ಹಿಂಭಾಗ ಕೆಟ್ಟವರಿಗೆ ಹಿಂದಿನದನ್ನು ಹಾಕಿದ್ದರು. ಕಾರ್ನಿಯಾ ನಡುವೆ ಬರೀ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪ, ಸುಮಾರು 540 ಮೈಕ್ರಾನ್. ಅಷ್ಟರಲ್ಲೇ ಬೇರೆ ಬೇರೆ ಬಗೆಯ ಜೀವಕೋಶಗಳು ಬೇರೆ ಬೇರೆ ಕೆಲಸ ಮಾಡಿಕೊಂಡಿವೆ.

ಎಲ್ಲಕ್ಕಿಂತ ಮೇಲಿನದು ಎಪಿಥೀಲಿಯಂ. ಸುಮಾರು 50 ಮೈಕ್ರಾನ್. ಹೋದರೆ ಮತ್ತೆ ಬರುತ್ತದೆ. ವೆಲ್ಡಿಂಗ್ ಕೆಲಸದ ಹುಡುಗರು ಕನ್ನಡಕ ಹಾಕದೆ ಬೆಂಕಿ ನೋಡಿ, ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಸುರಿದ ಹಾಗೆ ಉರಿ ಅಂತ ಎದ್ದು ಬರುತ್ತಾರಲ್ಲ, ಅದು ಇದೇ ಪದರದ ಜೀವಕೋಶಗಳು ನೇರಳಾತೀತ ಕಿರಣಕ್ಕೆ ಸತ್ತದ್ದರ ನೋವು. ಬೆಳಕು ತಾಗಿ ಕೆಲವು ಗಂಟೆ ಆದ ಮೇಲೆ ನೋವು ಶುರು. ಒಂದೆರಡು ದಿನದಲ್ಲಿ ಹೊಸ ಪದರ ಬಂದು ಸರಿಯಾಗುತ್ತದೆ. ಬರೀ ಬೆಳಕೇ ಕಾರ್ನಿಯಾದ ಜೀವಕೋಶವನ್ನು ಕೊಲ್ಲಬಲ್ಲದು ಅನ್ನುವುದಕ್ಕೆ ಪಿ.ಬಿ. ರಸ್ತೆಯ ವರ್ಕ್‌ಶಾಪ್‌ಗಳೇ ಸಾಕ್ಷಿ. ಈ ಪದರವನ್ನು ಮತ್ತೆ ಬೆಳೆಸುವ ಮೂಲ ಕೋಶಗಳು ಕರಿಗುಡ್ಡೆ ಬಿಳಿಗುಡ್ಡೆ ಸೇರುವ ಅಂಚಿನಲ್ಲಿ ಇವೆ. ಆ ಅಂಚು ಸುಟ್ಟರೆ ಹೊಸ ಪದರ ಸರಿಯಾಗಿ ಬರುವುದಿಲ್ಲ, ಬಿಳಿಗುಡ್ಡೆಯ ಚರ್ಮವೇ ಒಳಕ್ಕೆ ಹರಿದು ಬರುತ್ತದೆ. ಅದಕ್ಕೇ ಬೆಳಕು ಬಿಡುವ ವೈದ್ಯರು ಅಂಚನ್ನು ತಪ್ಪಿಸುತ್ತಾರೆ.

ಮಧ್ಯದ್ದು ಸ್ಟ್ರೋಮ. ಕಾರ್ನಿಯಾದಲ್ಲಿ ನೂರಕ್ಕೆ ಸುಮಾರು 90 ಭಾಗ ಇದೇ. ಇದರಲ್ಲಿ ಕೆರಟೋಸೈಟ್ ಎಂಬ ಕೋಶಗಳು ಚದುರಿಕೊಂಡಿವೆ. ಕಾರ್ನಿಯಾದ ನಾರುಗಳನ್ನು ನೇಯುವುದು, ರಿಪೇರಿ ಮಾಡುವುದು ಇವುಗಳ ಕೆಲಸ. ಬೆಳಕಿನ ಏಟಿಗೆ ಇವು ಸತ್ತರೆ ಅಕ್ಕಪಕ್ಕದವು ಬಂದು ಆ ಜಾಗ ತುಂಬುತ್ತವೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗೆ ಬಂದವುಗಳಲ್ಲಿ ಕೆಲವು ಗಾಯ ಮುಚ್ಚುವ ಅವಸರದ ರೂಪ ತಾಳಿದರೆ ಅಲ್ಲಿ ಕಲೆ ಉಳಿಯುತ್ತದೆ.

ಎಲ್ಲಕ್ಕಿಂತ ಒಳಗೆ ಎಂಡೋಥೀಲಿಯಂ. ಒಂದೇ ಒಂದು ಸಾಲು ಕೋಶ. ದೊಡ್ಡವರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2500. ಕಾರ್ನಿಯಾದೊಳಗೆ ಸೇರುವ ನೀರನ್ನು ಹಗಲು ರಾತ್ರಿ ಹೊರಗೆ ಪಂಪ್ ಮಾಡುತ್ತಾ ಅದನ್ನು ಗಾಜಿನಂತೆ ತಿಳಿಯಾಗಿ ಇಡುವುದು ಇವೇ. ಮನುಷ್ಯರಲ್ಲಿ ಇವು ಸತ್ತರೆ ಹೊಸದಾಗಿ ಹುಟ್ಟುವುದಿಲ್ಲ. ಉಳಿದವು ಹಿಗ್ಗಿ ಜಾಗ ತುಂಬುತ್ತವೆ, ಅಷ್ಟೇ. ತೀರಾ ಕಡಿಮೆಯಾದರೆ, 500ರ ಸುಮಾರಿಗೆ ಇಳಿದರೆ, ಕಾರ್ನಿಯಾ ನೀರು ಕುಡಿದು ಊದಿ ಮಂಜಾಗುತ್ತದೆ. ಆಮೇಲೆ ಯಾರದ್ದೋ ಕಣ್ಣುದಾನಕ್ಕೆ ಕಾಯಬೇಕು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಬೆಳಕಿನ ಚಿಕಿತ್ಸೆ ಒಳ್ಳೆಯದೋ ಕೆಟ್ಟದೋ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಪದರದ ಯಾವ ಕೋಶ ಅಂತ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ಫಂಗಸ್ ಕಣ್ಣನ್ನೇ ತಿನ್ನುತ್ತಿರುವಾಗ ಮೇಲಿನ ಪದರ ಹೋಗಲಿ, ಒಂದಷ್ಟು ಕೆರಟೋಸೈಟ್ ಹೋಗಲಿ, ಕೊಡಬಹುದಾದ ಬೆಲೆಯೇ ಅದು. ಎಂಡೋಥೀಲಿಯಂ ಹಾಗಲ್ಲ.

ಈಗ ಬಳಕೆಯಲ್ಲಿರುವ ಎರಡು ಬಗೆ ಹೇಳುತ್ತೇನೆ. ಒಂದು ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2, ಅದರ ಜೊತೆ ನೇರಳಾತೀತ ಎ ಕಿರಣ. ಇದು ಮೊದಲು ಬಂದದ್ದು ಸೋಂಕಿಗೆ ಅಲ್ಲ. ಕಾರ್ನಿಯಾ ಕೋನದ ಹಾಗೆ ಉಬ್ಬುವ ಕೆರಟೋಕೋನಸ್ ಕಾಯಿಲೆಯಲ್ಲಿ ಅದನ್ನು ಗಟ್ಟಿ ಮಾಡಲು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪಿಸಿದ್ದು. 2003ರಲ್ಲಿ ಪ್ರಕಟವಾಯಿತು. ಆ ವಿಧಾನದಲ್ಲಿ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪ ಇರಬೇಕು ಎಂಬ ನಿಯಮ ಇಟ್ಟರು. ಯಾಕೆಂದರೆ ಮುಂದಿನ ಸುಮಾರು 300 ಮೈಕ್ರಾನ್ ಆಳದವರೆಗೆ ಕೆರಟೋಸೈಟ್‌ಗಳು ಸಾಯುತ್ತವೆ. ಅಷ್ಟು ದಪ್ಪ ಇದ್ದು, ಅದು ರೈಬೋಫ್ಲೇವಿನ್ ಕುಡಿದಿದ್ದರೆ ಮಾತ್ರ ಒಳಗಿನ ಎಂಡೋಥೀಲಿಯಂಗೆ ತಲುಪುವ ಕಿರಣ ಅಪಾಯದ ಮಟ್ಟಕ್ಕಿಂತ ಕೆಳಗಿರುತ್ತದೆ. ಈಗ ಯೋಚಿಸಿ. ಹುಣ್ಣಾದ ಕಣ್ಣಿನಲ್ಲಿ ಕಾರ್ನಿಯಾ ಕರಗಿ ತೆಳ್ಳಗಾಗಿರುತ್ತದೆ. ಎಲ್ಲಿ ಚಿಕಿತ್ಸೆ ಜಾಸ್ತಿ ಬೇಕೋ ಅಲ್ಲೇ ಆ ರಕ್ಷಣೆ ಇಲ್ಲ.

ಇನ್ನೊಂದು ರೋಸ್ ಬೆಂಗಾಲ್ ಮತ್ತು ಹಸಿರು ಬೆಳಕು. ವಿಡಿಯೊದಲ್ಲಿ ಇರುವುದು ಇದೇ. ರೋಸ್ ಬೆಂಗಾಲ್ ನಮಗೆ ಹೊಸ ಹೆಸರಲ್ಲ. ಕಣ್ಣು ಒಣಗಿದೆಯಾ ಅಂತ ನೋಡಲು ಕಣ್ಣಿನ ವಿಭಾಗದವರು ಈ ಬಣ್ಣವನ್ನು ಬಹಳ ಹಿಂದಿನಿಂದ ಬಳಸಿದ್ದಾರೆ. ಹಾಕಿದರೆ ಉರಿಯುತ್ತದೆ. ಈ ಬಣ್ಣ ತಾಗಿದ ಜೀವಕೋಶಕ್ಕೆ ತೊಂದರೆ ಆಗುತ್ತದೆ, ಬೆಳಕು ಬಿದ್ದರೆ ಆ ತೊಂದರೆ ಇನ್ನೂ ಜಾಸ್ತಿ ಅಂತ 1990ರ ದಶಕದಲ್ಲೇ ಪ್ರಯೋಗಗಳಲ್ಲಿ ಕಂಡಿತ್ತು. ಆಗ ಅದು ದೋಷ. ಈಗ ಅದೇ ಗುಣವನ್ನು ಕ್ರಿಮಿಯ ಮೇಲೆ ತಿರುಗಿಸಿದ್ದಾರೆ. ಅಮೆರಿಕದ ಮಯಾಮಿಯಲ್ಲಿರುವ ಬ್ಯಾಸ್ಕಮ್ ಪಾಮರ್ ಕಣ್ಣಿನ ಸಂಸ್ಥೆಯವರು ಇದರಲ್ಲಿ ಮುಂದೆ ಇದ್ದಾರೆ. ಔಷಧಿಗೆ ಬಗ್ಗದ 18 ಕಣ್ಣುಗಳಿಗೆ ಇದನ್ನು ಮಾಡಿ 2019ರಲ್ಲಿ ವರದಿ ಕೊಟ್ಟರು. ನೂರಕ್ಕೆ 72ರಷ್ಟು ಕಣ್ಣುಗಳು ತುರ್ತಾಗಿ ಕಾರ್ನಿಯಾ ಬದಲಿಸುವುದರಿಂದ ತಪ್ಪಿಸಿಕೊಂಡವು. ಸಣ್ಣ ಮಾತಲ್ಲ. ಆದರೆ ಅವು ಬರೀ 18 ಕಣ್ಣು. ಚಿಕಿತ್ಸೆ ಪಡೆಯದ ಇನ್ನೊಂದು ಗುಂಪಿನ ಜೊತೆ ಹೋಲಿಸಿ ನೋಡಿದ್ದಲ್ಲ. ಹನಿ ನಿಲ್ಲಿಸಿ ಮಾಡಿದ್ದಂತೂ ಅಲ್ಲವೇ ಅಲ್ಲ.

ರೋಸ್ ಬೆಂಗಾಲ್ ಕಾರ್ನಿಯಾದಲ್ಲಿ ಸುಮಾರು 100 ಮೈಕ್ರಾನ್ ಮಾತ್ರ ಇಳಿಯುತ್ತದೆ. ಹಾಗಾಗಿ ಒಳಗಿನ ಎಂಡೋಥೀಲಿಯಂ ಮಟ್ಟಿಗೆ ಇದು ಸ್ವಲ್ಪ ಸುರಕ್ಷಿತ. ಅದೇ ಕಾರಣಕ್ಕೆ ಆಳಕ್ಕೆ ಇಳಿದ ಫಂಗಸ್ಸೂ ಇದರಿಂದ ತಪ್ಪಿಸಿಕೊಳ್ಳುತ್ತದೆ. ನಮ್ಮ ಹಳ್ಳಿಯವರು ಆಸ್ಪತ್ರೆಗೆ ಬರುವ ಹೊತ್ತಿಗೆ ಫಂಗಸ್ ಎಷ್ಟು ಆಳ ಹೋಗಿರುತ್ತದೆ ಅಂತ ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಮುಂದೆ ಕೂತವರಿಗೆ ಗೊತ್ತು.

ಈ ಕೋಶಗಳ ಮೇಲೆ ಏನಾಗುತ್ತದೆ ಅಂತ ನೇರವಾಗಿ ನೋಡಿದವರೂ ಇದ್ದಾರೆ. ಜರ್ಮನಿಯ ಹೋಂಬುರ್ಗ್‌ನ ಸಾರ್ಲ್ಯಾಂಡ್ ವಿಶ್ವವಿದ್ಯಾಲಯದ ಕಣ್ಣಿನ ವಿಭಾಗದವರು ಮನುಷ್ಯರ ಕಾರ್ನಿಯಾದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಈ ಬಗೆಯ ಪ್ರಯೋಗಗಳನ್ನು ವರ್ಷಗಟ್ಟಲೆ ಮಾಡಿದ್ದಾರೆ. ಕ್ರಮ ಸರಳವಾಗಿದೆ. ಒಂದು ತಟ್ಟೆಗೆ ಬಣ್ಣ ಮಾತ್ರ. ಒಂದಕ್ಕೆ ಬೆಳಕು ಮಾತ್ರ. ಒಂದಕ್ಕೆ ಎರಡೂ. ಒಂದಕ್ಕೆ ಏನೂ ಇಲ್ಲ. ಆಮೇಲೆ ಎಷ್ಟು ಕೋಶ ಬದುಕಿವೆ, ಎಷ್ಟು ಸಾಯುವ ಹಾದಿ ಹಿಡಿದಿವೆ, ಬದುಕಿದವು ಮತ್ತೆ ಹೆಚ್ಚುತ್ತಿವೆಯಾ ಅಂತ ಲೆಕ್ಕ. ರೋಸ್ ಬೆಂಗಾಲ್ ಆಗಲಿ, ಕ್ಲೋರಿನ್ ಇ6 ಎಂಬ ಇನ್ನೊಂದು ಬಣ್ಣ ಆಗಲಿ, ಬಣ್ಣದ ಪ್ರಮಾಣ ಏರಿದಂತೆ, ಬೆಳಕು ಸೇರಿದಾಗ, ಬದುಕುವ ಕೋಶಗಳು ಕಡಿಮೆಯಾಗುತ್ತವೆ. ಸತ್ತಿಲ್ಲ ಅಂತ ಕಂಡವೂ ಎಷ್ಟೋ ಸಲ ಮೊದಲಿನಂತೆ ಹೆಚ್ಚುವುದಿಲ್ಲ. ಇದು ನನಗೆ ತುಂಬಾ ಮುಖ್ಯ ಅನಿಸಿತು. ಚಿಕಿತ್ಸೆಯ ಮಾರನೇ ದಿನ ಬದುಕಿರುವ ಕೋಶವನ್ನು ಉಳಿದ ಕೋಶ ಅಂತ ಎಣಿಸುವ ಹಾಗಿಲ್ಲ.

ತಟ್ಟೆಯ ಕೋಶವೇ ಕಣ್ಣಲ್ಲ, ಅದೂ ನಿಜ. ಕಣ್ಣಿನಲ್ಲಿ ಕಣ್ಣೀರು ಇದೆ, ನಾರುಗಳ ದಪ್ಪ ಗೋಡೆ ಇದೆ, ಬಣ್ಣ ಎಲ್ಲ ಕೋಶಕ್ಕೂ ಒಂದೇ ಸಮ ತಲುಪುವುದಿಲ್ಲ. ತಟ್ಟೆಯಲ್ಲಿ ಸತ್ತದ್ದು ಕಣ್ಣಿನಲ್ಲಿ ಬದುಕಬಹುದು. ಹಾಗಾಗಿ ಈ ಪ್ರಯೋಗ ತೋರಿಸಿ ಚಿಕಿತ್ಸೆಯೇ ಬೇಡ ಅನ್ನುವುದು ತಪ್ಪು. ಬಣ್ಣ ಎಷ್ಟು, ಬೆಳಕು ಎಷ್ಟು, ಎಷ್ಟು ಹೊತ್ತು ಅನ್ನುವುದನ್ನು ಗೊತ್ತುಮಾಡಲು ಇವು ಬೇಕು. ನಾಯಿಕೊಡೆ ಥರ ಎದ್ದಿರುವ ಆನ್‌ಲೈನ್ ಅಂಗಡಿಗಳಲ್ಲಿ ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್ ಸಿಗುತ್ತದೆ. "ಅದನ್ನೇ ಕಣ್ಣಿಗೆ ಹಿಡಿದರೆ ಆಗಲ್ವಾ ಆಂಟಿ" ಅಂತ ನಮ್ಮ ಬೀದಿಯ ಹುಡುಗನೊಬ್ಬ ಕೇಳಿದ. ಖಂಡಿತ ಬೇಡ. ಯಾರೂ ಮಾಡಬೇಡಿ.

ನಮ್ಮ ಹೊಲಗಳ ಫಂಗಸ್ ವಿಚಾರಕ್ಕೆ ಜರ್ಮನಿ, ಅಮೆರಿಕಕ್ಕಿಂತ ಹತ್ತಿರದ ಉತ್ತರ ಪಕ್ಕದ ತಮಿಳುನಾಡಿನಿಂದ ಬಂದಿದೆ. ಅಲ್ಲಿನ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಇದನ್ನು ರೋಗಿಗಳಲ್ಲೇ, ಎರಡು ಗುಂಪು ಮಾಡಿ, ಹೋಲಿಸಿ ನೋಡಿದರು. ಆಳಕ್ಕೆ ಇಳಿದ ಫಂಗಸ್ ಹುಣ್ಣಿಗೆ ರೈಬೋಫ್ಲೇವಿನ್ ಮತ್ತು ನೇರಳಾತೀತ ಕಿರಣ ಬಳಸಿದ ಒಂದು ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬೆಳಕು ಪಡೆದ ಗುಂಪಿನಲ್ಲೇ ಕಾರ್ನಿಯಾ ತೂತಾಗುವುದು ಜಾಸ್ತಿ ಕಂಡಿತ್ತು. 2015ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. 2020ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. 111 ಜನ ರೋಗಿಗಳು. ಹನಿಯ ಜೊತೆ ಈ ಬೆಳಕೂ ಸೇರಿದರೆ ಲಾಭ ಉಂಟಾ ಅನ್ನುವುದು ಪ್ರಶ್ನೆ. ಲಾಭ ಕಾಣಲಿಲ್ಲ. ಬೆಳಕು ಪಡೆದವರ ದೃಷ್ಟಿ ಸ್ವಲ್ಪ ಕಡಿಮೆಯೇ ಇತ್ತು. ಇದು ರೋಸ್ ಬೆಂಗಾಲ್‌ನ ಫಲಿತಾಂಶ ಅಲ್ಲ, ರೈಬೋಫ್ಲೇವಿನ್‌ನದು. ಎರಡನ್ನೂ ಒಂದೇ ಅಂತ ಕಲಸಬಾರದು. ಆದರೆ ಬೆಳಕು ಅಂದ ಕೂಡಲೇ ಒಳ್ಳೆಯದು ಅಂದುಕೊಳ್ಳುವವರು ಇದನ್ನು ತಿಳಿದಿರಲೇಬೇಕು. ಇಂಥ ಸೋತ ಫಲಿತಾಂಶಕ್ಕೆ ಯಾರೂ ವಿಡಿಯೊ ಮಾಡುವುದಿಲ್ಲ. ಹಾಗಾಗಿ ಪತ್ರಿಕೆಗಳು ಬರೆಯಬೇಕು.

ಅದೇ ಅರವಿಂದ್ ಆಸ್ಪತ್ರೆ ಮತ್ತು ಅಮೆರಿಕದ ವಿಶ್ವವಿದ್ಯಾಲಯವೊಂದು ಸೇರಿ ಮಾಡಿದ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. 323 ರೋಗಿಗಳಲ್ಲಿ ನಾಟಮೈಸಿನ್ ಮತ್ತು ವೊರಿಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧಿ ಎರಡನ್ನೂ ತೂಗಿ ನೋಡಿದರು. ಹಳೇ ನಾಟಮೈಸಿನ್ ಗೆದ್ದಿತು, ಅದರಲ್ಲೂ ಫ್ಯುಸೇರಿಯಂ ಹುಣ್ಣಿನಲ್ಲಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಾಟಮೈಸಿನ್ ಹನಿಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದರಲ್ಲಿ ಬಣ್ಣ ಇಲ್ಲ, ಲೈಟ್ ಇಲ್ಲ. ಬಾಟಲಿ ಚೆನ್ನಾಗಿ ಅಲುಗಾಡಿಸಿ ಹಾಕಬೇಕು, ಔಷಧಿ ತಳದಲ್ಲಿ ಕೂತಿರುತ್ತದೆ. ಗಂಟೆಗೊಂದು ಸಲ, ವಾರಗಟ್ಟಲೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಒಂಟಿಯಾಗಿರುವ ಅಜ್ಜಿಗೆ ಯಾರು ಹಾಕಬೇಕು? ಸುಗ್ಗಿಯಲ್ಲಿ ಕೂಲಿ ಬಿಟ್ಟು ಯಾರು ಕೂರಬೇಕು? ಬೆಳಕಿನ ವಿಡಿಯೊಗೆ ಜನ ಮರುಳಾಗುವುದು ಇದಕ್ಕೇ. ಅವರನ್ನು ಬೈದು ಪ್ರಯೋಜನ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಹಸಿರು ಲೈಟಿನ ಮಷಿನ್ ತರಿಸಿ ಅಂತ ಅಲ್ಲ. ಮೊದಲು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸುಗ್ಗಿಗೆ ಮುಂಚೆ ನಾಟಮೈಸಿನ್ ಇರಲಿ. ಬರೆದುಕೊಟ್ಟ ಚೀಟಿ ಹಿಡಿದು ರೋಗಿ ದಾವಣಗೆರೆವರೆಗೆ ಬಸ್ಸು ಹತ್ತುವುದರಲ್ಲಿ ಒಂದು ಇಡೀ ದಿನದ ಹನಿ ತಪ್ಪುತ್ತದೆ. ಹುಣ್ಣು ಕೆರೆದು ಸ್ಲೈಡ್ ನೋಡುವ ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಮಲೇರಿಯಾ, ಕ್ಷಯದ ಸ್ಲೈಡ್ ನೋಡುವ ಮೈಕ್ರೊಸ್ಕೋಪ್ ಸಾಕು. ಕೆರೆಯುವ ಕೈ ಮಾತ್ರ ಕಣ್ಣಿನ ವೈದ್ಯರದ್ದೇ ಆಗಬೇಕು. ಸ್ಟಿರಾಯ್ಡ್ ಇರುವ ಕಣ್ಣಿನ ಹನಿಯನ್ನು ವೈದ್ಯರ ಚೀಟಿ ಇಲ್ಲದೆ ಕೊಡದಂತೆ ಔಷಧ ನಿಯಂತ್ರಣದವರು ಸುಗ್ಗಿಯ ತಿಂಗಳುಗಳಲ್ಲಾದರೂ ಅಂಗಡಿಗಳಿಗೆ ಹೋಗಿ ನೋಡಲಿ. ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು ಹೇಳಿಕೊಟ್ಟರೆ ಸಾಕು: ಗರಿ ಗೀರಿ ಮಾರನೇ ದಿನವೂ ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ, ಅವತ್ತೇ ಕಳಿಸಿ.

ಬೆಳಕಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯವರು ಸೂಚಿಸಿದರೆ ಹೆದರಿ ಓಡುವುದೂ ಬೇಡ. ಔಷಧಿಗೆ ಬಗ್ಗದ ಹುಣ್ಣಿಗೆ ಅದೇ ಸರಿ ಅಂತ ಅವರಿಗೆ ಕಂಡಿರಬಹುದು. ಕೂತು ಕೇಳಿ. ನನ್ನ ಕಾರ್ನಿಯಾ ಈಗ ಎಷ್ಟು ದಪ್ಪ ಉಳಿದಿದೆ? ಕ್ರಿಮಿ ಯಾವುದು ಅಂತ ಪರೀಕ್ಷೆ ಆಗಿದೆಯಾ? ಎಷ್ಟು ಆಳದಲ್ಲಿದೆ? ಯಾವ ಬಣ್ಣ, ಯಾವ ಬೆಳಕು? ಆಮೇಲೂ ಹನಿ ಮುಂದುವರಿಸಬೇಕಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ವಿಚಾರ. ಪ್ರಯೋಗದ ತಟ್ಟೆಯಲ್ಲಿ ಬೆಳೆಸುವ ಮನುಷ್ಯರ ಕಾರ್ನಿಯಾ ಕೋಶಗಳು ಎಲ್ಲಿಂದ ಬರುತ್ತವೆ ಗೊತ್ತಾ? ಬಹಳಷ್ಟು ಕಣ್ಣುದಾನ ಮಾಡಿದವರಿಂದಲೇ. ಕಾರ್ನಿಯಾದ ನಡುಭಾಗವನ್ನು ರೋಗಿಗೆ ಹಾಕಿದ ಮೇಲೆ ಸುತ್ತಲಿನ ಅಂಚು ಉಳಿಯುತ್ತದೆ. ಕೆಲವು ಕಾರ್ನಿಯಾಗಳಲ್ಲಿ ಎಂಡೋಥೀಲಿಯಂ ಕೋಶ ಕಡಿಮೆ ಇದ್ದು ಕಸಿಗೆ ಆಗುವುದಿಲ್ಲ. ಮನೆಯವರ ಒಪ್ಪಿಗೆ ಇದ್ದರೆ ಇಂಥವು ಸಂಶೋಧನೆಗೆ ಹೋಗುತ್ತವೆ. "ವಯಸ್ಸಾದ ನಮ್ಮವ್ವನ ಕಣ್ಣು ಯಾರಿಗೆ ಬೇಕು ಮೇಡಂ, ಹಾಕಲಿಕ್ಕೆ ಬರದಿದ್ದರೆ ಬಿಸಾಕ್ತಾರಲ್ವಾ" ಅಂತ ಸಾವಿನ ಮನೆಯಲ್ಲಿ ನನ್ನನ್ನು ಕೇಳಿದವರಿದ್ದಾರೆ. ಬಿಸಾಕಬೇಕಾಗಿಲ್ಲ. ಬೆಳಕು ಎಷ್ಟು ಬಿಟ್ಟರೆ ಫಂಗಸ್ ಸತ್ತು ಕಣ್ಣು ಉಳಿಯುತ್ತದೆ ಅನ್ನುವ ಲೆಕ್ಕ ಅಂಥ ಕಣ್ಣುಗಳಿಂದಲೇ ಸಿಗಬೇಕು. ನಮ್ಮ ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜು ಇವೆ, ಚಿತ್ರದುರ್ಗದಲ್ಲೂ ಇದೆ. ನಮ್ಮ ಮೆಕ್ಕೆಜೋಳದ ಹೊಲದಿಂದ ಬಂದ ಫಂಗಸ್ಸನ್ನೇ ಇಟ್ಟುಕೊಂಡು ಇಂಥ ಕೆಲಸ ಇಲ್ಲಿಯೇ ಆಗಲಿ ಅನ್ನುವುದು ನನ್ನ ಆಸೆ.

ಈ ಪತ್ರವನ್ನು ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ, ದಯವಿಟ್ಟು ಹನಿ ನಿಲ್ಲಿಸಬೇಡಿ ಅನ್ನುವ ಭಾಗವನ್ನಾದರೂ ಹಾಕಿ. ಸಾಧ್ಯವಾದರೆ ದಸರಾ ಒಳಗೆ. ಆಮೇಲೆ ತೆನೆ ಮುರಿಯುವುದು ಶುರುವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನೇತ್ರಾಧಿಕಾರಿ
ನಿಟ್ಟುವಳ್ಳಿ, ದಾವಣಗೆರೆ